ಕೊಂಡ ನಾಯಿ, ಹಿಂದೆ ಬಂದ ನಾಯಿ

ನಾಯಿ ಸಾಕಬೇಕೆನ್ನುವವರಿಗೆ ಎರಡು ದಾರಿಗಳಿವೆ. ಹೊಣೆಯರಿತ ಬ್ರೀಡರ್ ಬಳಿ ಜಾತಿನಾಯಿಯ ಮರಿಯನ್ನು ಕೊಳ್ಳಬಹುದು, ಇಲ್ಲವೇ ಆಶ್ರಯಧಾಮದ ನಾಯಿಯನ್ನು ದತ್ತು ಪಡೆಯಬಹುದು. ಈ ಆಯ್ಕೆಯಲ್ಲಿ ಎರಡು ಧರ್ಮಪ್ರಶ್ನೆಗಳಿವೆ. ಜೀವವನ್ನು ಮಾರಬಹುದೇ? ಹುಟ್ಟಿದ ಜೀವವೊಂದು ನೆಲೆಯಿಲ್ಲದೆ ಕಾದಿರುವಾಗ ಇನ್ನೊಂದನ್ನು ಹುಟ್ಟಿಸಬಹುದೇ?

ಮೊದಲ ಪ್ರಶ್ನೆಯನ್ನು ಬೌದ್ಧ, ಜೈನ ಶ್ರಮಣ ಪರಂಪರೆಗಳು ನೇರವಾಗಿ ಎತ್ತಿಕೊಂಡಿವೆ. ಗೃಹಸ್ಥನಾದ ಉಪಾಸಕನು ಮಾಡಬಾರದ ಐದು ವ್ಯಾಪಾರಗಳನ್ನು ಬೌದ್ಧರ ಅಂಗುತ್ತರ ನಿಕಾಯ ಹೇಳುತ್ತದೆ. ಆಯುಧ, ಮಾಂಸ, ಮದ್ಯ, ವಿಷಗಳ ಜೊತೆಗೆ ಜೀವಿಗಳ ಮಾರಾಟವೂ ಅದರಲ್ಲಿದೆ. ಅದರ ವ್ಯಾಖ್ಯಾನವಾದ ಅಟ್ಟಕಥೆ ಇದಕ್ಕೆ ಮನುಷ್ಯರ ಮಾರಾಟ ಎಂದು ಅರ್ಥ ಹೇಳಿದರೂ ಮೂಲದ ಪದ ಪ್ರಾಣವಿರುವ ಎಲ್ಲವನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದೆ. ಜೈನರು ಇನ್ನಷ್ಟು ಸ್ಪಷ್ಟ. ಗೃಹಸ್ಥನಾದ ಶ್ರಾವಕನು ತ್ಯಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ, ಎಂದರೆ ಪಾಪ ತರುವ ಉದ್ಯೋಗಗಳಲ್ಲಿ, ‘ಅಸತೀಪೋಷಣ’ ಒಂದು. 12ನೇ ಶತಮಾನದ ಹೇಮಚಂದ್ರ ತನ್ನ ‘ಯೋಗಶಾಸ್ತ್ರ’ದಲ್ಲಿ ಹಣಕ್ಕಾಗಿ ಗಿಳಿ, ಬೆಕ್ಕು, ನಾಯಿ ಮೊದಲಾದವುಗಳನ್ನು ಸಾಕುವುದನ್ನು ಇದರಡಿ ಸೇರಿಸುತ್ತಾನೆ. ಅಲ್ಲಿ ದೋಷ ಸಾಕಣೆಗೆ ತಗಲುವುದಿಲ್ಲ, ಲಾಭದ ಆಸೆಗೆ ತಗಲುತ್ತದೆ.

ಎರಡನೆಯ ಪ್ರಶ್ನೆಗೆ ಮಹಾಭಾರತದಷ್ಟು ಒಳ್ಳೆಯ ಆಧಾರ ಬೇರೆಯಿಲ್ಲ. ಅದರ ಆದಿಪರ್ವದಲ್ಲಿ ದೇವತೆಗಳ ಹೆಣ್ಣುನಾಯಿ ಸರಮೆ, ತಪ್ಪಿಲ್ಲದೆ ಹೊಡೆತ ತಿಂದ ತನ್ನ ಮರಿಯ ಪರವಾಗಿ ಜನಮೇಜಯನ ಯಾಗಶಾಲೆಗೇ ಬಂದು ನ್ಯಾಯ ಕೇಳುತ್ತಾಳೆ. ಕೊನೆಯಲ್ಲಿ, ಮಹಾಪ್ರಸ್ಥಾನಿಕ ಪರ್ವದಲ್ಲಿ, ಹಸ್ತಿನಾವತಿಯಿಂದ ಹಿಂದೆಯೇ ನಡೆದುಬಂದ ನಾಯಿಯನ್ನು ಬಿಟ್ಟು ರಥವೇರು ಎಂದು ಇಂದ್ರ ಯುಧಿಷ್ಠಿರನಿಗೆ ಹೇಳುತ್ತಾನೆ. ನಾಯಿ ಅಶುಚಿ, ಅದನ್ನು ಸಾಕುವವರಿಗೆ ಸ್ವರ್ಗವಿಲ್ಲ ಎಂಬುದು ಇಂದ್ರನ ವಾದ. ಯುಧಿಷ್ಠಿರ ಒಪ್ಪುವುದಿಲ್ಲ. ನಂಬಿದವರನ್ನು ಕೈಬಿಡುವುದು ಶರಣಾಗತನನ್ನು ಒಪ್ಪಿಸಿಬಿಡುವುದಕ್ಕೆ, ಮಿತ್ರದ್ರೋಹಕ್ಕೆ ಸಮವಾದ ಪಾಪವೆಂದು ಅವನು ಎಣಿಸುತ್ತಾನೆ. ಆ ನಾಯಿಯನ್ನು ಅವನು ಆರಿಸಿ ತಂದಿರಲಿಲ್ಲ. ಅದರ ತಳಿ ಯಾವುದೆಂದು ಕಾವ್ಯವೂ ಹೇಳುವುದಿಲ್ಲ. ಅದು ಜೊತೆಗೆ ಬಂದಿತ್ತು, ಅಷ್ಟರಿಂದಲೇ ಋಣ ಹುಟ್ಟಿತ್ತು.

ದತ್ತು ಸ್ವೀಕಾರದ ಪರವಾದ ಬಲವಾದ ತರ್ಕ ಇಲ್ಲಿಯೇ ಇದೆ. ಇನ್ನೂ ಗರ್ಭ ಕಟ್ಟದ ಮರಿಗೆ ಹಸಿವಿಲ್ಲ, ಭಯವಿಲ್ಲ. ಅದು ಹುಟ್ಟದಿದ್ದರೆ ಯಾರಿಗೂ ಅನ್ಯಾಯವಾಗದು. ಆಶ್ರಯಧಾಮದ ಕಂಬಿಗಳ ಹಿಂದಿರುವ ನಾಯಿಗಾದರೋ ಕಳೆಯುವ ಪ್ರತಿ ದಿನವೂ ನಷ್ಟವೇ. ಶರಣಾಗತಿಯ ಮಾತು ಇರುವ ಜೀವಕ್ಕೆ ಮಾತ್ರ ಅನ್ವಯಿಸುತ್ತದೆ.

ಹಾಗೆಂದು ತಳಿ ಕಾಯುವ ಕೆಲಸವೆಲ್ಲ ಪಾಪವಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಉಳಿದದ್ದು ತಲೆಮಾರುಗಳ ಕಾಲ ಜೋಡಿ ನೋಡಿ ಮರಿ ಮಾಡಿಸಿದವರಿಂದ. ಅದರ ಸಂಶೋಧನೆಗೆ ತಿಮ್ಮಾಪುರದಲ್ಲಿ ಕೇಂದ್ರವಿದೆ. 2005ರಲ್ಲಿ ಅದರ ಅಂಚೆಚೀಟಿಯೂ ಬಂತು. ಕೆಲಸ ಮತ್ತು ಒಡನಾಟದಿಂದ ಬೆಳೆದ ಇಂಥ ಸಂಬಂಧವನ್ನು ವ್ಯಾಪಾರವೆಂದಷ್ಟೇ ಕರೆಯುವುದು ಸರಿಯಲ್ಲ. ಕಾನೂನೂ ಮಿತಿ ಹಾಕಿದೆ. ನಾಯಿಗಳ ತಳಿ ಸಂವರ್ಧನೆ, ಮಾರಾಟದ 2017ರ ನಿಯಮಗಳಂತೆ ಬ್ರೀಡರ್ ನೋಂದಾಯಿಸಿಕೊಳ್ಳಬೇಕು, ಒಂದೂವರೆ ವರ್ಷ ತುಂಬದ ಹೆಣ್ಣುನಾಯಿಯನ್ನು ಕೂಡಿಸಬಾರದು, 8 ವಾರ ತುಂಬದ ಮರಿಯನ್ನು ಮಾರಬಾರದು. ಕೊಂಡವರಿಗೆ ಸಾಕಲಾಗದಿದ್ದರೆ ತಾನೇ ಹಿಂದಕ್ಕೆ ಪಡೆಯುವ ಬ್ರೀಡರ್ ಯುಧಿಷ್ಠಿರನ ಮಾತನ್ನು ಪಾಲಿಸಿದಂತೆಯೇ. ಚಂದಕ್ಕಾಗಿ ಮೂತಿ ಚಪ್ಪಟೆ ಮಾಡಿ, ಪಗ್ ಜೀವನವಿಡೀ ಉಸಿರಿಗೆ ಒದ್ದಾಡುವಂತೆ ಮಾಡಿದ ತಳಿ ಸಂವರ್ಧನೆಯನ್ನು ಮಾತ್ರ ಅಹಿಂಸೆಯ ಯಾವ ಪರಂಪರೆಯೂ ಒಪ್ಪಲಾರದು.

ದತ್ತಿನಲ್ಲಿಯೂ ಕಷ್ಟಗಳುಂಟು. ಏಟು ತಿಂದ ನಾಯಿ ಕೈಯೆತ್ತಿದರೆ ಬೆದರುತ್ತದೆ, ಕಚ್ಚಲೂಬಹುದು. ಪುಟ್ಟ ಮಕ್ಕಳಿರುವ ಮನೆಗೆ ಯಾವುದು ಹೊಂದುತ್ತದೆಂದು ಧಾಮದವರನ್ನು ಕೇಳಿಯೇ ತರಬೇಕು. ಕನಿಕರದಿಂದ ತಂದು ಆರು ತಿಂಗಳಿಗೆ ಹಿಂದಿರುಗಿಸಿದರೆ ಅದು ಎರಡನೆಯ ಸಲ ಕೈಬಿಟ್ಟಂತೆ. ನಾಯಿಯ ಆಯುಷ್ಯ ಹತ್ತು ಹದಿನೈದು ವರ್ಷ, ಮಾತು ಕೊಡುವುದೂ ಅಷ್ಟು ಕಾಲಕ್ಕೆ.

ಕುರಿಹಿಂಡು ಕಾಯಬೇಕಾದವರು, ತಳಿಯ ಸ್ವಭಾವ ಬಲ್ಲವರು ಒಳ್ಳೆಯ ಬ್ರೀಡರ್ ಬಳಿ ಹೋಗುವುದರಲ್ಲಿ ತಪ್ಪಿಲ್ಲ. ಬರಿಯ ಒಡನಾಡಿ ಬೇಕೆನ್ನುವ ಪಟ್ಟಣದ ಮನೆಯವರು ಮೊದಲು ಆಶ್ರಯಧಾಮಕ್ಕೇ ಹೋಗಬೇಕು. ಮರಿಯ ತಾಯಿಯನ್ನು ತೋರಿಸಲು ಒಪ್ಪದವರಿಂದ ಯಾರೂ ಮರಿ ಕೊಳ್ಳಬಾರದು.