ಅವನ ಕಾಲಿನ ನೋವು ಅವನಿಗೇ ಗೊತ್ತು

ಸಿದ್ದಾಪುರ ತಾಲೂಕಿನ ಬಿಳಗಿ ಒಂದು ಕಾಲಕ್ಕೆ ಅರಸರು ಆಳಿದ ಊರು. ಈಗ ಅಡಿಕೆ ತೋಟಗಳ ನಡುವಿನ ಸಣ್ಣ ಊರು. (ಬಾಗಲಕೋಟೆ ಜಿಲ್ಲೆಯ ಬೀಳಗಿ ಬೇರೆ.) 2023ರ ನವೆಂಬರ್ 19ರ ಭಾನುವಾರ ನಾನು ಅಲ್ಲಿ ಬಂಧುಗಳ ಮನೆಯಲ್ಲಿದ್ದೆ. ಆ ದಿನ ಅಹ್ಮದಾಬಾದಿನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾದ ನಡುವೆ ವಿಶ್ವಕಪ್ ಕ್ರಿಕೆಟಿನ ಅಂತಿಮ ಪಂದ್ಯ. ಅಸರ್ ನಮಾಝ್ ಮುಗಿಸಿ ಬಂದಾಗ ಟಿ.ವಿ.ಯ ಮುಂದೆ ಹತ್ತು ಹನ್ನೆರಡು ಮಂದಿ ಯುವಕರು ಕುಳಿತಿದ್ದರು. ಆಡುತ್ತಿದ್ದವರು ನಮ್ಮ ಕರ್ನಾಟಕದವರೇ ಆದ ಕೆ.ಎಲ್. ರಾಹುಲ್. ರನ್ನು ನಿಧಾನವಾಗಿ ಬರುತ್ತಿತ್ತು.

ಯುವಕರ ಬಾಯಿಂದ ಮಾತುಗಳು ಮಾತ್ರ ವೇಗವಾಗಿ ಬರುತ್ತಿದ್ದವು. ಒಬ್ಬ ‘ಹೆದರುಪುಕ್ಕ’ ಎಂದ. ಇನ್ನೊಬ್ಬ, ‘ಇವನಿಗೆ ದೇಶ ಬೇಡ, ತನ್ನ ಜಾಗ ಉಳಿದರೆ ಸಾಕು’ ಎಂದ. ಮೂರನೆಯವನು, ಐಪಿಎಲ್‌ನಲ್ಲಿ ಕಾಲು ನೋವೆಂದು ಮಲಗಿದ್ದೂ ನಾಟಕವೇ ಇರಬೇಕು ಎಂದ. ಎಲ್ಲರೂ ನಕ್ಕರು. ಅಲ್ಲಾಹನು ಕ್ಷಮಿಸಲಿ, ನಾನೂ ನಕ್ಕೆ. ನಕ್ಕದ್ದಲ್ಲದೆ, ‘ಎದೆಗಾರಿಕೆ ಇಲ್ಲದವರನ್ನು ತಂಡಕ್ಕೆ ಸೇರಿಸಿದರೆ ಹೀಗೆಯೇ’ ಎಂದು ನನ್ನದೂ ಒಂದು ಮಾತು ಸೇರಿಸಿದೆ.

ಮೂಲೆಯಲ್ಲಿ ಕುರ್ಚಿಯ ಮೇಲೆ ಮನೆಯ ಹಿರಿಯರು ಕುಳಿತಿದ್ದರು. ಊರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತದೆ. ಅವರು ಟಿ.ವಿ.ಯಿಂದ ಕಣ್ಣು ತೆಗೆಯದೆ, ‘ಅವನ ಕಾಲಿನ ನೋವು ಅವನಿಗೇ ಗೊತ್ತು ಮಕ್ಕಳೇ’ ಎಂದಷ್ಟೇ ಹೇಳಿದರು. ಯಾರೂ ಗಮನ ಕೊಡಲಿಲ್ಲ.

ಪ್ರಿಯ ಓದುಗರೇ, ಕ್ರಿಕೆಟ್ ನೋಡಬಹುದೇ ನೋಡಬಾರದೇ ಎಂಬ ಚರ್ಚೆ ಇಲ್ಲಿ ಬೇಡ. ನಮಾಝಿನ ಸಮಯವನ್ನು ತಿನ್ನುವ ಆಟ ಯಾವುದೇ ಇರಲಿ, ಅದರ ವಿಷಯದಲ್ಲಿ ನಿಮಗೆ ತಿಳಿದಿರುವುದೇ ಸಾಕು. ನಾನು ಹೇಳಹೊರಟದ್ದು ನಾಲಗೆಯ ವಿಷಯ. ಆಟ ನೋಡುತ್ತಾ ಕುಳಿತವನು ಆಡುವವನ ಎದೆಯೊಳಗೆ ಕೈಹಾಕಿ, ಅಲ್ಲಿ ಧೈರ್ಯವಿಲ್ಲ, ನಿಷ್ಠೆಯಿಲ್ಲ ಎಂದು ತೀರ್ಪು ಕೊಡುತ್ತಾನಲ್ಲ, ಆ ಅಧಿಕಾರ ಅವನಿಗೆ ಎಲ್ಲಿಂದ ಬಂತು?

ನಡೆದ ಸಂಗತಿಯನ್ನು ನೋಡಿ. 2023ರ ಮೇ 1ರಂದು ಲಕ್ನೋದಲ್ಲಿ ಬೆಂಗಳೂರು ತಂಡದ ವಿರುದ್ಧ ಆಡುವಾಗ, ಚೆಂಡಿನ ಹಿಂದೆ ಓಡುತ್ತಾ ರಾಹುಲ್ ತೊಡೆಗೆ ಪೆಟ್ಟು ಮಾಡಿಕೊಂಡರು. ಅವರನ್ನು ಮೈದಾನದಿಂದ ಹೊರಗೆ ಕರೆದೊಯ್ಯಬೇಕಾಯಿತು. ಆದರೂ ತಂಡ ಸೋಲುವ ಸ್ಥಿತಿಗೆ ಬಂದಾಗ, ಓಡಲಾಗದ ಕಾಲಿನಲ್ಲೇ ಹನ್ನೊಂದನೆಯವರಾಗಿ ಬ್ಯಾಟು ಹಿಡಿದು ಬಂದರು. ಆಮೇಲೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ವಿಶ್ರಾಂತಿ. ಸೆಪ್ಟೆಂಬರಿನಲ್ಲಿ ಕೊಲಂಬೋದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ರನ್ನು ಮಾಡಿದರು. ಅಕ್ಟೋಬರ್ 8ರಂದು ಚೆನ್ನೈಯಲ್ಲಿ 2 ರನ್ನಿಗೆ 3 ವಿಕೆಟ್ ಬಿದ್ದಿದ್ದಾಗ ಬಂದು 97 ರನ್ನು ಮಾಡಿ ಪಂದ್ಯ ಗೆಲ್ಲಿಸಿದರು. ಆಗ ನಮ್ಮ ಈ ಯುವಕರೇ ಅವರನ್ನು ‘ಉಕ್ಕಿನ ಮನುಷ್ಯ’ ಎಂದಿದ್ದರು. ಅಂತಿಮ ಪಂದ್ಯದಲ್ಲಿ 107 ಎಸೆತಗಳಲ್ಲಿ 66 ರನ್ನು, ಬೌಂಡರಿ ಒಂದೇ ಒಂದು. ಭಾರತ 240ಕ್ಕೆ ಮುಗಿಸಿ ಆರು ವಿಕೆಟುಗಳಿಂದ ಸೋತಿತು. ಆ ಆಟ ಸಾಲದು, ಇನ್ನಷ್ಟು ವೇಗವಾಗಿ ಆಡಬೇಕಿತ್ತು ಎಂದು ಯಾರಾದರೂ ಹೇಳಿದರೆ ಅದು ಆಟದ ಮಾತು, ಅದರಲ್ಲಿ ದೋಷವಿಲ್ಲ. ಕಣ್ಣಿಗೆ ಕಂಡದ್ದರ ಬಗ್ಗೆ ಹೇಳಿದ ಮಾತು ಅದು. ಆದರೆ ‘ಹೆದರುಪುಕ್ಕ’, ‘ಸ್ವಾರ್ಥಿ’, ‘ನಾಟಕ’ ಎಂಬ ಮಾತುಗಳು ಕಣ್ಣಿಗೆ ಕಂಡದ್ದರ ಬಗ್ಗೆ ಅಲ್ಲ. ಆರು ತಿಂಗಳಲ್ಲಿ ಅದೇ ಮನುಷ್ಯನ ಎದೆ ಉಕ್ಕಿನದಾಗಿ, ಮತ್ತೆ ಹುಲ್ಲಿನದಾಯಿತೇ?

ಈ ರೋಗ ಹೊಸದೇನಲ್ಲ. ಇಸ್ಲಾಮಿನ ಇತಿಹಾಸದಲ್ಲಿ ಒಬ್ಬ ಮಹಾ ಸೇನಾನಿಯೂ ಇದರ ಪೆಟ್ಟು ತಿಂದಿದ್ದಾರೆ. ಹ. ಸಅದ್ ಬಿನ್ ಅಬೀ ವಕ್ಕಾಸ್(ರ)ರು ಮೊದಮೊದಲಿಗೆ ಇಸ್ಲಾಮ್ ಸ್ವೀಕರಿಸಿದವರಲ್ಲಿ ಒಬ್ಬರು. ಅಲ್ಲಾಹನ ಮಾರ್ಗದಲ್ಲಿ ಮೊದಲ ಬಾಣ ಬಿಟ್ಟ ಅರಬರು. ಉಹುದ್ ಯುದ್ಧದಲ್ಲಿ ಪ್ರವಾದಿ(ಸ)ರ ಬಳಿಯಲ್ಲೇ ನಿಂತು ಬಾಣ ಎಸೆದವರು. ಕ್ರಿ.ಶ. 636ರ ಸುಮಾರಿಗೆ ಪರ್ಶಿಯನ್ ಸಾಮ್ರಾಜ್ಯದೊಂದಿಗೆ ಖಾದಿಸಿಯ್ಯಃದಲ್ಲಿ ನಿರ್ಣಾಯಕ ಯುದ್ಧ ನಡೆದಾಗ ಮುಸ್ಲಿಮ್ ಸೈನ್ಯದ ನಾಯಕರು ಅವರೇ. ಆದರೆ ಆ ದಿನಗಳಲ್ಲಿ ಅವರಿಗೆ ಸೊಂಟದಿಂದ ಕಾಲಿಗೆ ಇಳಿಯುವ ನೋವು, ಜೊತೆಗೆ ಮೈಮೇಲೆ ಹುಣ್ಣುಗಳು. ಕುದುರೆಯ ಮೇಲೆ ಕೂರುವುದಿರಲಿ, ನೆಲದ ಮೇಲೆ ಕೂರಲೂ ಆಗುತ್ತಿರಲಿಲ್ಲ. ಕೋಟೆಯ ಮಾಳಿಗೆಯ ಮೇಲೆ ದಿಂಬಿಗೆ ಎದೆಯೊತ್ತಿ ಬೋರಲಾಗಿ ಮಲಗಿ ಇಡೀ ರಣರಂಗವನ್ನು ನೋಡುತ್ತಾ ಕೆಳಗೆ ಆದೇಶಗಳನ್ನು ಕಳಿಸುತ್ತಿದ್ದರು.

ಯುದ್ಧ ಗೆದ್ದಿತು. ಗೆದ್ದ ಮೇಲೆಯೇ ಮಾತು ಶುರುವಾಯಿತು. ನಾವು ಸಾಯುವಾಗ ನಾಯಕ ಮಾಳಿಗೆ ಹತ್ತಿ ಕುಳಿತಿದ್ದ ಎಂದರು. ಸೈನ್ಯದವರೊಬ್ಬರು ಪದ್ಯ ಕಟ್ಟಿದರು: ಎಷ್ಟೋ ಹೆಂಗಸರು ವಿಧವೆಯರಾದರು, ಸಅದ್‌ರ ಮನೆಯ ಹೆಂಗಸರು ಮಾತ್ರ ಆಗಲಿಲ್ಲ ಎಂಬ ಅರ್ಥದ್ದು. ಆ ಕಾಲದಲ್ಲಿ ಪದ್ಯವೆಂದರೆ ಇಂದಿನ ವಾಟ್ಸ್‌ಆ್ಯಪ್ ಇದ್ದಂತೆ, ಒಂದೇ ದಿನದಲ್ಲಿ ಎಲ್ಲರ ಬಾಯಿಗೆ ಬರುತ್ತಿತ್ತು. ಕೊನೆಗೆ ಸಅದ್(ರ)ರು ಕೆಳಗಿಳಿದು ಬಂದು ತಮ್ಮ ತೊಡೆಯ ಮತ್ತು ಹಿಂಭಾಗದ ಹುಣ್ಣುಗಳನ್ನು ಜನರಿಗೆ ತೋರಿಸಬೇಕಾಯಿತು. ಆಮೇಲೆ ಜನ ಸುಮ್ಮನಾದರು. ಸ್ವಲ್ಪ ಯೋಚಿಸಿ. ಗೆದ್ದ ಸೇನಾಪತಿ, ಪ್ರವಾದಿ(ಸ)ರ ಒಡನಾಡಿ, ತನ್ನ ಸೈನಿಕರ ಮುಂದೆ ಬಟ್ಟೆ ಸರಿಸಿ ಹುಣ್ಣು ತೋರಿಸಬೇಕಾದ ಆ ಗಳಿಗೆ! ನಮ್ಮ ಸಂಶಯ ಒಬ್ಬ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ.

ಮುಂದೆ ಅವರು ಕೂಫಾದ ರಾಜ್ಯಪಾಲರಾಗಿದ್ದಾಗ ಅಲ್ಲಿನ ಕೆಲವರು ಖಲೀಫಾ ಉಮರ್(ರ)ರ ಬಳಿಗೆ ದೂರು ಒಯ್ದರು. ಅವರಿಗೆ ಸರಿಯಾಗಿ ನಮಾಝ್ ಮಾಡಿಸಲೂ ಬರುವುದಿಲ್ಲ ಎಂಬಲ್ಲಿಯವರೆಗೆ ಮಾತು ಹೋಗಿತ್ತು. ಉಮರ್(ರ)ರು ದೂರನ್ನು ತಳ್ಳಿಹಾಕಲಿಲ್ಲ, ಗಾಳಿಮಾತನ್ನು ನಂಬಲೂ ಇಲ್ಲ. ಮೊದಲು ಸಅದ್(ರ)ರನ್ನೇ ಕರೆದು ಕೇಳಿದರು. ಅನಂತರ ಜನರನ್ನು ಕಳಿಸಿ ಕೂಫಾದ ಒಂದೊಂದು ಮಸೀದಿಯಲ್ಲೂ ವಿಚಾರಿಸಿದರು. ಎಲ್ಲೆಡೆ ಒಳ್ಳೆಯ ಮಾತೇ ಬಂತು. ಒಂದು ಮಸೀದಿಯಲ್ಲಿ ಮಾತ್ರ ಒಬ್ಬನು ಎದ್ದು ನಿಂತು, ಇವರು ಸೈನ್ಯದೊಂದಿಗೆ ಹೋಗುವುದಿಲ್ಲ, ಸಮನಾಗಿ ಹಂಚುವುದಿಲ್ಲ, ನ್ಯಾಯ ಮಾಡುವುದಿಲ್ಲ ಎಂದ. ಅವನು ಸುಳ್ಳು ಹೇಳುತ್ತಾ, ಜನರ ಕಣ್ಣಿಗೆ ಕಾಣಲಿಕ್ಕಾಗಿ ಎದ್ದು ನಿಂತವನಾಗಿದ್ದರೆ ಎಂದು ಸಅದ್(ರ)ರು ಅಲ್ಲಾಹನಲ್ಲಿ ಮೊರೆಯಿಟ್ಟರು. ಆ ಮನುಷ್ಯನ ಮುಪ್ಪು ಎಷ್ಟು ಹೀನಾಯವಾಗಿತ್ತೆಂಬುದನ್ನು ಬುಖಾರಿಯ ವರದಿಯಲ್ಲಿ ಓದಬಹುದು, ಇಲ್ಲಿ ಬರೆಯಲು ಮನಸ್ಸಾಗುವುದಿಲ್ಲ. ಉಮರ್(ರ)ರು ಸಅದ್(ರ)ರನ್ನು ಹುದ್ದೆಯಿಂದ ಬದಲಾಯಿಸಿದರು, ನಿಜ. ಆದರೆ ಮರಣಶಯ್ಯೆಯಲ್ಲಿ, ತಾನು ಅವರನ್ನು ತೆಗೆದದ್ದು ಅಸಮರ್ಥತೆಗಾಗಲಿ ವಂಚನೆಗಾಗಲಿ ಅಲ್ಲ ಎಂದು ಎಲ್ಲರ ಮುಂದೆ ಸ್ಪಷ್ಟಪಡಿಸಿದರು. ಆಯ್ಕೆಗಾರರು ಒಬ್ಬ ಆಟಗಾರನನ್ನು ಕೈಬಿಡಬಹುದು. ಅವನ ಮಾನವನ್ನೂ ಕೈಬಿಡಬೇಕಾಗಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೆಲವೊಮ್ಮೆ ನಮ್ಮ ಸಂಶಯ ನಿಜವೇ ಆಗಿದ್ದರೆ? ನಿಷ್ಠೆ ನಿಜವಾಗಿಯೂ ಸಡಿಲವಾಗಿದ್ದರೆ? ಕಅಬ್ ಬಿನ್ ಮಾಲಿಕ್(ರ)ರ ಘಟನೆಯನ್ನು ನಾನು ಎಷ್ಟೋ ಸಲ ಓದಿದ್ದರೂ ಈ ಅಂಶ ನನ್ನ ಗಮನಕ್ಕೆ ಬಂದಿರಲಿಲ್ಲ. ಹಿಜರಿ 9ರಲ್ಲಿ ಪ್ರವಾದಿ(ಸ)ರು ತಬೂಕ್ ತಲುಪಿದ ಮೇಲೆ ಕಅಬ್ ಎಲ್ಲಿ ಎಂದು ವಿಚಾರಿಸಿದರು. ಅವರ ಬುಡಕಟ್ಟಿನವರೇ ಒಬ್ಬರು, ಒಳ್ಳೆಯ ಬಟ್ಟೆ ಮತ್ತು ತನ್ನ ಚೆಲುವಿನ ಮೋಹ ಅವರನ್ನು ಮನೆಯಲ್ಲೇ ಹಿಡಿದಿಟ್ಟಿದೆ ಎಂದರು. ತಕ್ಷಣ ಮುಆದ್ ಬಿನ್ ಜಬಲ್(ರ)ರು, ನೀವು ಆಡಿದ್ದು ಕೆಟ್ಟ ಮಾತು, ಅವರ ಬಗ್ಗೆ ನಮಗೆ ಒಳ್ಳೆಯದಲ್ಲದೆ ಬೇರೇನೂ ಗೊತ್ತಿಲ್ಲ ಎಂದು ಪ್ರವಾದಿ(ಸ)ರ ಎದುರಿನಲ್ಲೇ ತಡೆದರು. ಪ್ರವಾದಿ(ಸ)ರು ಮೌನವಾಗಿದ್ದರು. ಈಗ ನೋಡಿ, ಕಅಬ್(ರ)ರಿಗೆ ನಿಜವಾಗಿಯೂ ಯಾವ ಸಕಾರಣವೂ ಇರಲಿಲ್ಲ! ಇಂದು ನಾಳೆ ಎನ್ನುತ್ತಾ ಉಳಿದುಬಿಟ್ಟಿದ್ದರು. ಅದನ್ನು ಅವರೇ ಒಪ್ಪಿಕೊಂಡರು, ಐವತ್ತು ದಿನ ಶಿಕ್ಷೆ ಅನುಭವಿಸಿದರು, ಅಲ್ಲಾಹನು ಅವರ ಪಶ್ಚಾತ್ತಾಪವನ್ನು ಸ್ವೀಕರಿಸಿದನು. ಹಾಗಿದ್ದರೂ ಆ ದಿನ ತಬೂಕಿನಲ್ಲಿ ಸರಿಯಾದ ಮಾತಾಡಿದವರು ಮುಆದ್(ರ)ರೇ. ಅವರಿಗೆ ಗೊತ್ತಿದ್ದಷ್ಟನ್ನು ಅವರು ಹೇಳಿದರು. ಮತ್ತೊಬ್ಬರು ತನಗೆ ಗೊತ್ತಿಲ್ಲದ್ದನ್ನು ಹೇಳಿದರು.

ಅದೇ ತಬೂಕಿನ ಸಿದ್ಧತೆಯ ಹೊತ್ತಿಗೆ ಹೆಚ್ಚು ದಾನ ತಂದವರನ್ನು ತೋರಿಕೆಯವರೆಂದೂ, ಹೊಟ್ಟೆ ಕಟ್ಟಿ ಸ್ವಲ್ಪ ಖರ್ಜೂರ ತಂದವರನ್ನು ಅಷ್ಟಕ್ಕೇನು ಎಂದೂ ಗೇಲಿ ಮಾಡಿದವರ ಬಗ್ಗೆ ಸೂರಃ ಅತ್ತೌಬಃದಲ್ಲಿ ಕಠಿಣ ಎಚ್ಚರಿಕೆಯಿದೆ. ಹೆಚ್ಚು ಕೊಟ್ಟರೂ ತಪ್ಪು, ಕಡಿಮೆ ಕೊಟ್ಟರೂ ತಪ್ಪು. ಬೇಗ ಬೇಗ ಹೊಡೆದು ಔಟಾದರೆ ಹೊಣೆಗೇಡಿ, ನಿಂತು ಆಡಿದರೆ ಸ್ವಾರ್ಥಿ ಎನ್ನುವವರು ಆ ಸಾಲನ್ನು ಒಮ್ಮೆ ಓದಿ ನೋಡಬೇಕು.

ಆ ದಿನ ಬಿಳಗಿಯಲ್ಲಿ ಇನ್ನೊಂದು ಮಾತೂ ಬಂತು: ‘ಗಂಡಸು ಅಂದರೆ ಕುಂಬ್ಳೆ!’ ಬೆಂಗಳೂರಿನ ಅನಿಲ್ ಕುಂಬ್ಳೆ 2002ರ ಮೇ ತಿಂಗಳಲ್ಲಿ ಆ್ಯಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜು ಸುತ್ತಿಕೊಂಡು 14 ಓವರ್ ಬೌಲಿಂಗ್ ಮಾಡಿ ಬ್ರಿಯಾನ್ ಲಾರಾರ ವಿಕೆಟ್ ಪಡೆದದ್ದನ್ನು ನನ್ನ ವಯಸ್ಸಿನವರು ಮರೆತಿಲ್ಲ. ಮೆಚ್ಚತಕ್ಕ ಕೆಲಸವೇ. ಆದರೆ ಒಬ್ಬರ ತ್ಯಾಗವನ್ನು ಇನ್ನೊಬ್ಬರ ಬೆನ್ನಿಗೆ ಹೊಡೆಯುವ ಕೋಲಾಗಿ ಮಾಡಿಕೊಳ್ಳುವುದೇಕೆ? ಕುಂಟರಾಗಿದ್ದ ಅಮ್ರ್ ಬಿನ್ ಜಮೂಹ್(ರ)ರು, ನಿಮಗೆ ವಿನಾಯಿತಿ ಇದೆಯೆಂದು ಹೇಳಿದರೂ ಕೇಳದೆ ಉಹುದ್‌ಗೆ ಹೋಗಿ ಹುತಾತ್ಮರಾದರು. ಅದು ಅವರ ಉತ್ಸಾಹ. ಆದರೆ ಕುರುಡರ, ಕುಂಟರ, ರೋಗಿಗಳ ಮೇಲೆ ದೋಷವಿಲ್ಲವೆಂಬ ಅಲ್ಲಾಹನ ಅಪ್ಪಣೆ ಅದರಿಂದ ರದ್ದಾಗಲಿಲ್ಲ.

ಈ ವಿಷಯದಲ್ಲಿ ನಮಗೆ, ಮುಸ್ಲಿಮರಿಗೆ, ಮರೆಯಬಾರದ ಒಂದು ಗಾಯವಿದೆ. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ಪಾಕಿಸ್ತಾನದ ಎದುರು ಹತ್ತು ವಿಕೆಟುಗಳಿಂದ ಸೋತಾಗ, ಹನ್ನೊಂದು ಮಂದಿಯಲ್ಲಿ ಮುಹಮ್ಮದ್ ಶಮಿಯೊಬ್ಬರ ನಿಷ್ಠೆಯನ್ನೇ ಕೆಲವರು ಧರ್ಮದ ಹೆಸರೆತ್ತಿ ಪ್ರಶ್ನಿಸಿದರು. ಆಗಿನ ನಾಯಕ ವಿರಾಟ್ ಕೊಹ್ಲಿ ಆ ನಿಂದಕರನ್ನು ಬಹಿರಂಗವಾಗಿ ಖಂಡಿಸಿದರು. ಅಂದು ನಮ್ಮ ಮನೆಮನೆಗಳಲ್ಲಿ ಎಷ್ಟು ನೋವಾಗಿತ್ತು! 2025ರ ಮಾರ್ಚ್ 4ರಂದು, ರಮಝಾನಿನಲ್ಲಿ, ಅದೇ ದುಬೈಯಲ್ಲಿ ಆಡುವಾಗ ಅದೇ ಶಮಿ ಏನೋ ಕುಡಿದದ್ದು ಕಂಡಿತು. ಈ ಸಲ ಕಲ್ಲು ಬಂದದ್ದು ನಮ್ಮ ಕಡೆಯಿಂದ. ಒಬ್ಬ ವಿದ್ವಾಂಸರು ಅವರನ್ನು ಶರೀಅತ್ತಿನ ಅಪರಾಧಿಯೆಂದು ಕರೆದರು. ತನ್ನ ಊರು ಬಿಟ್ಟು ಪರದೇಶದಲ್ಲಿರುವ ಪ್ರಯಾಣಿಕನಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ಅನುಮತಿಯನ್ನು ಅಲ್ ಬಕರಃ ಸೂರಃದಲ್ಲಿ ಕೊಟ್ಟವನು ಅಲ್ಲಾಹನೇ. ಬೇರೆಯವರು ಶಮಿಯ ದೇಶನಿಷ್ಠೆಯನ್ನು ಅಳೆದಾಗ ಅದು ಅನ್ಯಾಯ, ನಾವು ಅವರ ಈಮಾನನ್ನು ಅಳೆದರೆ ಅದು ಧರ್ಮರಕ್ಷಣೆಯೇ? ಯುದ್ಧದಲ್ಲಿ ಕಲಿಮಾ ಹೇಳಿದವನನ್ನು, ಹೆದರಿ ಹೇಳಿದ್ದೆಂದು ಭಾವಿಸಿ ಕೊಂದ ಉಸಾಮಾ(ರ)ರನ್ನು ಪ್ರವಾದಿ(ಸ)ರು, ಅವನ ಹೃದಯವನ್ನು ಸೀಳಿ ನೋಡಿದೆಯಾ ಎಂದು ಮತ್ತೆ ಮತ್ತೆ ಕೇಳಿದ್ದರು. ಉಸಾಮಾ(ರ)ರು ಪ್ರವಾದಿ(ಸ)ರ ಪ್ರೀತಿಪಾತ್ರರು. ಆದರೂ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ.

ಈಗ ಆ ರಾತ್ರಿಯ ಮಾತಿಗೆ ಬರುತ್ತೇನೆ. ಚಾಚಾರ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

ಅವರು ಐದಾರು ತಿಂಗಳಿಂದ ಮಸೀದಿಗೆ ಬರುತ್ತಿರಲಿಲ್ಲ. ಹಿಂದೆ ಫಜ್ರಿಗೆ ಎಲ್ಲರಿಗಿಂತ ಮೊದಲು ಬಂದು ದೀಪ ಹಾಕುತ್ತಿದ್ದವರು. ಮಧ್ಯಾಹ್ನ ಮಸೀದಿಯ ಜಗಲಿಯಲ್ಲಿ ಕೆಲವರು, ‘ಮಗ ಗಲ್ಫಿನಿಂದ ಹಣ ಕಳಿಸತೊಡಗಿದ ಮೇಲೆ ಚಾಚಾನಿಗೆ ಮಸೀದಿ ದೂರವಾಯಿತು’ ಎಂದಿದ್ದರು. ನಾನು ‘ಹೌದೇ?’ ಎಂದು ತಲೆಯಾಡಿಸಿದ್ದೆ. ರಾತ್ರಿ ಊಟವಾಗಿ, ಹುಡುಗರೆಲ್ಲ ಸೋಲಿನ ಬೇಸರದಲ್ಲಿ ಹೊರಟುಹೋದ ಮೇಲೆ, ಚಾಚಾ ನನ್ನನ್ನು ಅಂಗಳಕ್ಕೆ ಕರೆದರು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: ಮೂತ್ರ ನಿಲ್ಲುವುದಿಲ್ಲ. ನಿಂತರೂ ಹನಿಯುತ್ತದೆ, ಬಾಗಿದರೂ ಹನಿಯುತ್ತದೆ. ವುಝೂ ನಿಲ್ಲದವನು ಸಫ್‌ನಲ್ಲಿ ಹೇಗೆ ನಿಲ್ಲಲಿ? ಮನೆಯವರಿಗೂ ಹೇಳಿಲ್ಲ. ‘ಎಲ್ಲರೂ ಏನೇನೋ ಅಂತಾರೆ, ಗೊತ್ತು. ಆದರೆ ಏನಾಗಿದೆ ಚಾಚಾ ಅಂತ ಒಬ್ಬನೂ ಕೇಳಲಿಲ್ಲ ಬೇಟಾ.’

ನನ್ನ ಗಂಟಲು ಕಟ್ಟಿತು. ಅವರಿಗೆ ಗೊತ್ತಿರಬೇಕಾದ, ನಾವು ಯಾರೂ ತಿಳಿಸದ ವಿಷಯ ಹೇಳಿದೆ. ಇಂಥ ನಿರಂತರ ತೊಂದರೆಯಿರುವವರು ಪ್ರತಿ ನಮಾಝಿನ ಸಮಯ ಬಂದ ಮೇಲೆ ಶುಚಿ ಮಾಡಿಕೊಂಡು, ಹನಿ ಹರಡದಂತೆ ಬಟ್ಟೆ ಕಟ್ಟಿಕೊಂಡು, ಹೊಸದಾಗಿ ವುಝೂ ಮಾಡಿ ನಮಾಝ್ ಮಾಡಬಹುದು. ನಡುವೆ ಹನಿದರೂ ನಮಾಝ್ ಕೆಡುವುದಿಲ್ಲ. ಅವರು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡರು. ಮುಂದಿನ ವಾರ ಸಿರ್ಸಿಯ ಡಾಕ್ಟರರಿಗೂ ತೋರಿಸಿದರು.

ಡಿಸೆಂಬರ್ 29ರ ಶುಕ್ರವಾರ ನಾನು ಮತ್ತೆ ಬಿಳಗಿಯಲ್ಲಿದ್ದೆ. ಚಾಚಾ ಜುಮಾಕ್ಕೆ ಬಂದು ಬಾಗಿಲ ಬಳಿ ಕೊನೆಯ ಸಫ್‌ನಲ್ಲಿ ಕುಳಿತಿದ್ದರು. ನಮಾಝ್ ಮುಗಿದ ಮೇಲೆ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ, ಆ ದಿನ ಟಿ.ವಿ.ಯ ಮುಂದೆ ‘ನಾಟಕ’ ಎಂದಿದ್ದ ಹುಡುಗನೇ ಅವರ ಚಪ್ಪಲಿ ತಂದು ಕಾಲಿನ ಬಳಿ ಇಟ್ಟ.

‘ಆ ರಾಹುಲ್ ಮತ್ತೆ ಆಡಿದನೇನೋ?’ ಎಂದು ಕೇಳಿದರು ಚಾಚಾ.

‘ಮೊನ್ನೆ ಆಫ್ರಿಕಾದಲ್ಲಿ ನೂರೊಂದು ಹೊಡೆದ ಚಾಚಾ. ಮ್ಯಾಚ್ ಮಾತ್ರ ಸೋತೆವು.’

‘ಕಾಲು ಹೇಗಿದೆಯಂತೆ?’

ಹುಡುಗ ನನ್ನ ಮುಖ ನೋಡಿದ. ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.