ದೊಡ್ಡ ಹಲಗೆ, ಚಿಕ್ಕ ಹಾಯಿ

ಅಳಿಯನ ಗ್ಯಾರೇಜಿನ ಗೋಡೆಗೆ ಒರಗಿ ನಿಂತಿದ್ದ ಆ ಹಲಗೆಯನ್ನು ನೋಡಿ ಈ ವಯಸ್ಸಿನಲ್ಲಿ ನನಗೂ ಆಸೆಯಾಯಿತು. ಮೀನಿನ ಹಾಗೆ ಸಪೂರ, ಕೆಂಪು-ಬಿಳಿ ಪಟ್ಟೆ, ಕಂಕುಳಿಗೆ ಸಿಕ್ಕಿಸಿಕೊಂಡು ಓಡಾಡುವಷ್ಟು ಹಗುರ. ಆಫೀಸಿನ ಗೆಳೆಯನೊಬ್ಬ ಊರು ಬಿಡುವಾಗ ಹಾಯಿ, ಕಂಬ ಸಮೇತ ಪುಕ್ಕಟೆ ಕೊಟ್ಟು ಹೋಗಿದ್ದನಂತೆ. 2024ರ ಒಲಿಂಪಿಕ್ಸ್‌ನಲ್ಲಿ ಮಾರ್ಸೇಯ ಕಡಲಿನ ಮೇಲೆ ವಿಂಡ್‌ಸರ್ಫಿಂಗ್‌ನವರು ನೀರು ಬಿಟ್ಟೆದ್ದು ಹಾರಿದ್ದನ್ನು ಟಿವಿಯಲ್ಲಿ ನೋಡಿದ ದಿನದಿಂದ ಇವನಿಗೆ ಅದೇ ಗುಂಗು. “ಹಲಗೆ ಸಿಕ್ಕಿತಲ್ಲ ಮಾವ, ಇನ್ನು ಕಲಿಯೋದೊಂದೇ ಬಾಕಿ” ಅಂದ.

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಶೋರ್‌ಲೈನ್ ಕೆರೆ ಇದೆ, ಕಲಿಯಲು ಅಲ್ಲಿಗೇ ಹೋದೆವು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉಪ್ಪುನೀರನ್ನೇ ತುಂಬಿ ಕಟ್ಟಿದ, ಸುಮಾರು 50 ಎಕರೆಯ ಕೆರೆ. ಅಲೆಯಿಲ್ಲ, ಸೆಳೆತವಿಲ್ಲ, ಗಾಳಿ ಎತ್ತ ತಳ್ಳಿದರೂ ಒಂದಲ್ಲ ಒಂದು ದಡ ಸಿಕ್ಕೇ ಸಿಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಆದರೂ ಆ ಶನಿವಾರ ಅಳಿಯ ಹಲಗೆಯ ಮೇಲೆ ಕಾಲಿಟ್ಟದ್ದೇ ತಡ, ಹಲಗೆ ಅವನನ್ನು ಹೊರುವ ಬದಲು ಅವನ ಜೊತೆಗೇ ನೀರಿಗಿಳಿಯಿತು. ಹಾಯಿಯ ಹಗ್ಗಕ್ಕೆ ಕೈ ಹಾಕುವ ಮೊದಲೇ ಎಡಕ್ಕೆ ಬಿದ್ದ. ಹತ್ತಿದ, ಬಲಕ್ಕೆ ಬಿದ್ದ. ದಡದ ಬೆಂಚಿನಲ್ಲಿ ಕೂತ ನಾನು ಇಪ್ಪತ್ತರವರೆಗೆ ಎಣಿಸಿ ಬಿಟ್ಟುಬಿಟ್ಟೆ. ಮುಕ್ಕಾಲು ಗಂಟೆಯ ಮೇಲೆ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಬಂದು ಪಕ್ಕದಲ್ಲಿ ಕುಕ್ಕರಿಸಿದ. “ನಂಗೆ ಬ್ಯಾಲೆನ್ಸೇ ಇಲ್ಲ ಮಾವ. ಇದೆಲ್ಲ ನನ್ನ ಕೈಲಾಗೋ ಕೆಲಸ ಅಲ್ಲ.”

ಗಮನಿಸಿ, ಅವನು ಹಲಗೆಯನ್ನು ಬಯ್ಯಲಿಲ್ಲ. ಹೊಸಬನಿಗೆ ಸಾಮಾನಿನ ತಪ್ಪು ಯಾವುದು, ತನ್ನ ತಪ್ಪು ಯಾವುದು ಅಂತ ಗೊತ್ತಾಗುವುದಾದರೂ ಹೇಗೆ? ಎಲ್ಲವನ್ನೂ ತನ್ನ ಖಾತೆಗೇ ಬರೆದುಕೊಳ್ಳುತ್ತಾನೆ.

ಅಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದ ಕಾಲೇಜು ವಯಸ್ಸಿನ ಹುಡುಗಿಯೊಬ್ಬಳು ನಮ್ಮ ಪಾಡು ನೋಡಿ ಬಂದಳು. ಹಲಗೆಯ ಮೇಲೆ ಅಚ್ಚಾಗಿದ್ದ ಅಂಕಿಯೊಂದನ್ನು ಓದಿದಳು: 95 ಲೀಟರ್. ಆಮೇಲೆ ಅಳಿಯನ ತೂಕ ಕೇಳಿದಳು. 78 ಕಿಲೋ. ಅವಳು ನಕ್ಕಳು, ನಮಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಒಂದು ಲೀಟರಿನ ಗಾತ್ರ ಹೆಚ್ಚುಕಡಿಮೆ ಒಂದು ಕಿಲೋ ಹೊರುತ್ತದೆ. ಇವನು 78, ಒದ್ದೆ ರಬ್ಬರ್ ಅಂಗಿ ಒಂದು ಮೂರು, ಹಲಗೆಯ ಸ್ವಂತ ಭಾರ ಏಳು, ಹಾಯಿ-ಕಂಬ ಸೇರಿ ಒಂಬತ್ತು. ಕೂಡಿದರೆ 97. ಮುಳುಗದೆ ಇನ್ನೇನಾದೀತು? ಆರ್ಕಿಮಿಡೀಸನನ್ನು ಮಾವನೂ ಓದಿದ್ದ, ಅಳಿಯನೂ ಓದಿದ್ದ. ಹೊತ್ತಿಗೆ ಒಬ್ಬರಿಗೂ ಒದಗಲಿಲ್ಲ.

ಹಾಗಾದರೆ ಇಂಥ ಹಲಗೆಯನ್ನು ಯಾರಾದರೂ ಹತ್ತುವುದು ಹೇಗೆ? ಪಳಗಿದವನು ಅದರ ಮೇಲೆ ನಿಂತು ಹಾಯಿ ಎತ್ತುವುದೇ ಇಲ್ಲವಂತೆ. ಜೋರು ಗಾಳಿಯಲ್ಲಿ ನೀರಲ್ಲೇ ಮಲಗಿ ಹಾಯಿಗೆ ಗಾಳಿ ತುಂಬಿಸುತ್ತಾನೆ. ಆ ಹಾಯಿಯೇ ಅವನನ್ನು ಎಳೆದು ಹಲಗೆಯ ಮೇಲೆ ನಿಲ್ಲಿಸುತ್ತದೆ. ವೇಗ ಬಂದ ಮೇಲೆ ಹಲಗೆ ತೇಲುವುದಲ್ಲ, ಜಾರುವುದು. ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿ ಎಸೆದರೆ ಮುಳುಗದೆ ಕುಪ್ಪಳಿಸುತ್ತದಲ್ಲ, ಹಾಗೆ. ವೇಗ ಕೈವಶವಾದವನಿಗೆ ಮಾತ್ರ ಚಿಕ್ಕ ಹಲಗೆ. ನಾವು ಚಿಕ್ಕದು ಸುಲಭ ಅಂದುಕೊಂಡದ್ದು ಮಕ್ಕಳ ಸೈಕಲ್ಲಿನ ಲೆಕ್ಕದಲ್ಲಿ.

ಸೈಕಲ್ ಅಂದೆನಲ್ಲ. ನಮ್ಮ ಕಾಲಕ್ಕೆ ಮಕ್ಕಳ ಸೈಕಲ್ ಎಲ್ಲಿತ್ತು? ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಒಳಪೆಡಲ್ ಹೊಡೆದು, ಮಂಡಿ ತರಚಿಕೊಂಡು ಕಲಿತವರು ನಾವು. ಅದನ್ನು ಈಗಲೂ ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ಓಡಾಡುತ್ತೇವೆ. ನಮ್ಮ ಕೇರಿಯಲ್ಲೇ ಆ ಸೈಕಲ್ಲಿನಿಂದ ಬಿದ್ದು, ಹೆದರಿ, ಮತ್ತೆ ಹ್ಯಾಂಡಲ್ ಮುಟ್ಟದವರು ಇಬ್ಬರಿದ್ದಾರೆ. ಅವರು ಈ ಕಥೆ ಹೇಳುವುದಿಲ್ಲ, ಹಾಗಾಗಿ ಕಥೆ ಯಾವಾಗಲೂ ನಮ್ಮ ಪರವಾಗಿಯೇ ಇರುತ್ತದೆ. ಕಷ್ಟಪಟ್ಟದ್ದರಿಂದ ಕಲಿತೆವೋ, ಕಷ್ಟಪಟ್ಟರೂ ಕಲಿತೆವೋ ಎಂದು ನಾನಂತೂ ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ.

ಹುಡುಗಿ ತಂದದ್ದು 200 ಲೀಟರಿನ, ಮನೆಯ ಬಾಗಿಲಿನಷ್ಟು ಅಗಲದ ಹಲಗೆ. ಬಿದ್ದರೆ ಮಂಡಿಗೆ ಪೆಟ್ಟಾಗದಂತೆ ಮೇಲೆ ಮೆತ್ತನೆಯ ಹಾಸು. ನಡುವಿನ ಸೀಳಿನಿಂದ ಕೆಳಗಿಳಿಸುವ ಡ್ಯಾಗರ್‌ಬೋರ್ಡ್ ಎಂಬ ಉದ್ದನೆಯ ಅಲಗು. ಅದು ನೀರನ್ನು ಹಿಡಿದು ನಿಲ್ಲದಿದ್ದರೆ, ಹಲಗೆ ಮುಂದೆ ಹೋಗುವುದಕ್ಕಿಂತ ಗಾಳಿ ತಳ್ಳಿದ ಕಡೆಗೆ ಅಡ್ಡಡ್ಡ ಸರಿಯುವುದೇ ಹೆಚ್ಚು. ಹೊಸಬ ಹೊರಟ ಜಾಗಕ್ಕೆ ತಿರುಗಿ ಬರುವುದು ದಡದ ಮೇಲೆ, ಹಲಗೆ ಹೊತ್ತುಕೊಂಡು. ನಮ್ಮ ಪಟ್ಟೆ ಹಲಗೆಯಲ್ಲಿ ಆ ಅಲಗಿರಲಿಲ್ಲ.

ಹಾಯಿಯನ್ನು ನೋಡಿ ಅಳಿಯನ ಮುಖ ಸಣ್ಣದಾಯಿತು. ಇವನದ್ದು ಆರೂವರೆ ಚದರ ಮೀಟರ್, ಅವಳು ಕೊಟ್ಟದ್ದು ಮೂರೂವರೆ. ಪಕ್ಕದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಅಂಥದ್ದನ್ನೇ ಹಿಡಿದು ಹೋಗುತ್ತಿದ್ದಳು ಬೇರೆ. ಆದರೆ ನೀರಿಗೆ ಬಿದ್ದ ಹಾಯಿಯ ಮೇಲೆ ನೀರು ಕೂತಿರುತ್ತದೆ. ಎತ್ತುವುದೆಂದರೆ ಬಟ್ಟೆಯನ್ನಲ್ಲ, ಅದರ ಮೇಲಿನ ಕೆರೆಯನ್ನು ಎತ್ತಿದಂತೆ. ಇನ್ನು ಗಾಳಿಯ ಲೆಕ್ಕ ಮೋಸದ್ದು. 8 ನಾಟ್ ಇದ್ದದ್ದು 16 ಆದರೆ ಹಾಯಿಯ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂರೂವರೆಯ ಹಾಯಿ ಎಳೆದರೆ ಕೈಯಲ್ಲಿ ತಡೆದೀತು. ಆರೂವರೆಯದ್ದು ಎಳೆದರೆ ಮನುಷ್ಯ ಹಾಯಿಯ ಆಚೆ ಬದಿಗೆ ಹಾರಿ ಬೀಳುತ್ತಾನೆ.

ಅವಳು ಮೊದಲು ಕಲಿಸಿದ್ದು ಬೀಳುವುದನ್ನು. ಹಿಂದಕ್ಕೆ ಬೀಳಬೇಕು, ಮೇಲೆ ಬರುವಾಗ ಕೈ ತಲೆಯ ಮೇಲಿರಬೇಕು, ಯಾಕೆಂದರೆ ಹಿಂದೆಯೇ ಕಂಬ ಬರುತ್ತಿರುತ್ತದೆ. ಆಮೇಲೆ ಎತ್ತುವುದು: ಗಾಳಿಗೆ ಬೆನ್ನು, ಕಂಬದ ಬುಡದ ಆಚೀಚೆ ಒಂದೊಂದು ಕಾಲು, ಮಂಡಿ ಮಡಚಿ, ಸೊಂಟಕ್ಕೆ ಕೆಲಸ ಕೊಡದೆ ಮೈಭಾರದಿಂದಲೇ ಎಳೆತ. ನೀರು ಇಳಿದುಹೋಗುವವರೆಗೆ ಕಾಯುವುದು. ನಾಲ್ಕನೆಯ ಸಲಕ್ಕೆ ಹಾಯಿ ಎದ್ದು ನಿಂತಿತು. ಅವನೂ ನಿಂತಿದ್ದ.

ಚುಕ್ಕಾಣಿಯಿಲ್ಲದ ದೋಣಿ ಎಂದು ನಾವು ಬಯ್ಯುವುದಕ್ಕೆ ಬಳಸುತ್ತೇವೆ. ಇದಕ್ಕೆ ನಿಜಕ್ಕೂ ಚುಕ್ಕಾಣಿಯಿಲ್ಲ. ಕಂಬವನ್ನು ಮೂತಿಯ ಕಡೆ ವಾಲಿಸಿದರೆ ಹಲಗೆ ಗಾಳಿಗೆ ಬೆನ್ನು ಕೊಡುತ್ತದೆ, ಬಾಲದ ಕಡೆ ವಾಲಿಸಿದರೆ ಗಾಳಿಗೆ ಎದುರಾಗುತ್ತದೆ. ಎತ್ತ ಬೇಕಾದರೂ ವಾಲುವ ಕೀಲಿನ ಮೇಲೆ ಕಂಬ ನಿಲ್ಲಿಸುವ ಈ ಉಪಾಯಕ್ಕೆ ಇದೇ ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹೊಯ್ಲ್ ಶ್ವೈಟ್ಜರ್ 1970ರಲ್ಲಿ ಪೇಟೆಂಟ್ ಪಡೆದರು. ಅವರ ಹಲಗೆ 12 ಅಡಿ ಉದ್ದದ್ದು. ಅಂಥ ಹಲಗೆಗಳ ಕಾಲದಲ್ಲೇ, 1976ರಲ್ಲಿ, ಹವಾಯಿಯ ರಾಬಿ ನೇಯ್ಶ್ ವಿಶ್ವ ಚಾಂಪಿಯನ್ ಆದ. ಆಗ ಅವನಿಗೆ 13 ವರ್ಷ. ತೋಳಿನ ಬಲದ ಆಟವಾಗಿದ್ದರೆ ಆ ಹುಡುಗ ಗೆಲ್ಲುತ್ತಿರಲಿಲ್ಲ.

ಸಂಜೆ ಹೊತ್ತಿಗೆ ಅಳಿಯ ಅತ್ತಲಿಂದಿತ್ತ ಎರಡು ಸುತ್ತು ಹೋಗಿ ಬಂದ. ಬಂದವನೇ, ಮುಂದಿನ ವಾರ ಗೋಲ್ಡನ್ ಗೇಟ್ ಸೇತುವೆಯ ಹತ್ತಿರದ ಕ್ರಿಸ್ಸಿ ಫೀಲ್ಡ್‌ಗೆ ಹೋಗಬಹುದಾ ಎಂದು ಕೇಳಿದ. ಹುಡುಗಿ ಬೇಡವೆಂದು ತಲೆಯಾಡಿಸಿದಳು. ಅಲ್ಲಿ ಇಳಿತದ ಸೆಳೆತ ಸೇತುವೆಯ ಕೆಳಗಿಂದ ಸೀದಾ ಸಾಗರಕ್ಕೆ. ಸೆಳೆತವಾಗಲಿ ಗಾಳಿಯಾಗಲಿ ಕಡಲಿಗೆ ಒಯ್ದರೆ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ನಾನು ಗಂಗೊಳ್ಳಿ ಕಡೆಯವನು. ನೆಲದಿಂದ ಕಡಲಿಗೆ ಬೀಸುವ ಬೆಳಗಿನ ಗಾಳಿ ಹಿಡಿದು ಹೊರಟ ಹಾಯಿದೋಣಿಗಳು ಮಧ್ಯಾಹ್ನದ ಕಡಲಗಾಳಿಗೆ ಕಾದು ಮರಳುತ್ತಿದ್ದವು ಎಂದು ಹಿರಿಯರು ಹೇಳುವುದನ್ನು ಕೇಳಿ ಬೆಳೆದವನು. ನೆಲದ ಗಾಳಿಯಲ್ಲಿ ದಡದ ನೀರು ಎಣ್ಣೆ ಹೊಯ್ದಂತೆ ನಯವಾಗಿ ಕಾಣುತ್ತದೆ. ಹೊಸಬ ಮೋಸ ಹೋಗುವುದು ಅಲ್ಲೇ. “ಕೆರೆಯಲ್ಲೇ ಇರು ಮಾರಾಯ” ಅಂದೆ.

ನಾನು ಊರಿಗೆ ಮರಳಿ ಎಂಟು ತಿಂಗಳಾಯಿತು. ಮೊನ್ನೆ ಫೋನಿನಲ್ಲಿ, ಜೊತೆ ಕೆಲಸದವನೊಬ್ಬನಿಗೂ ಹುಚ್ಚು ಹಿಡಿದಿದೆ ಎಂದ. “ಪಟ್ಟೆ ಹಲಗೆ ಕೊಡು ಅಂತ ಗಂಟುಬಿದ್ದಿದಾನೆ ಮಾವ. ಕೊಡಲ್ಲ ಅಂದೆ, ಜಿಪುಣ ಅಂದ.”

“ಮತ್ತೆ?”

“ತೂಕ ಕೇಳಿದೆ. ತೊಂಬತ್ತಂತೆ. 220 ಲೀಟರಿನದ್ದು ಬಾಡಿಗೆಗೆ ಸಿಗ್ತದಾ ಅಂತ ವಿಚಾರಿಸ್ತಾ ಇದೀನಿ.”