ಬಡರೊಟ್ಟಿಯ ಮೇಲೆ ಟಾಫಿ

ಅಮೆರಿಕ ಮತ್ತು ಕೆನಡಾದ ಯೆಹೂದ್ಯರ ಮನೆಗಳಲ್ಲಿ ಪಸ್ಕ ಹಬ್ಬ ಬಂತೆಂದರೆ ಮಾಡುವ ಸಿಹಿಗಳಲ್ಲಿ ಮಾಟ್ಸಾ ಟಾಫಿ ಒಂದು. ಮಾಟ್ಸಾ ಎಂದರೆ ಹುಳಿ ಬರಿಸದ ತೆಳು ರೊಟ್ಟಿ. ಅದಕ್ಕೆ ಬೀಳುವುದು ಗೋಧಿ ಹಿಟ್ಟು ಮತ್ತು ನೀರು, ಎರಡೇ. ಆ ರೊಟ್ಟಿಯ ಮೇಲೆ ಬೆಣ್ಣೆ ಮತ್ತು ಕಂದು ಸಕ್ಕರೆಯ ಪಾಕ ಸುರಿದು, ಓವನ್‌ನಲ್ಲಿ ಬೇಯಿಸಿ, ಮೇಲೆ ಚಾಕೊಲೇಟ್ ಸವರಿ, ಆರಿದ ಮೇಲೆ ತುಂಡು ಮಾಡಿದರೆ ಟಾಫಿ ಸಿದ್ಧ. ಉಪ್ಪು ಬಿಸ್ಕತ್ತಿನ ಮೇಲೆ ಇದೇ ಪಾಕ ಹೊಯ್ಯುವ ತಿಂಡಿ ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಇಂದಿಗೂ ಸಾಮಾನ್ಯ. ಬಿಸ್ಕತ್ತಿನ ಜಾಗದಲ್ಲಿ ಮಾಟ್ಸಾ ಇಟ್ಟ ಪಾಕವಿಧಾನವನ್ನು ಮನೆಮಾತಾಗಿಸಿದವರು ಮಾಂಟ್ರಿಯಲ್‌ನ ಬೇಕರಿ ತಜ್ಞೆ ಮಾರ್ಸಿ ಗೋಲ್ಡ್‌ಮನ್. ಯೆಹೂದ್ಯ ಹಬ್ಬಗಳ ಬೇಕಿಂಗ್ ಕುರಿತ ಅವರ ಪುಸ್ತಕ 1998ರಲ್ಲಿ ಹೊರಬಂತು.

ತಿಂಡಿ ಸುಲಭದ್ದು, ಅದು ಎಬ್ಬಿಸುವ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಬೈಬಲ್ಲಿನ ವಿಮೋಚನಕಾಂಡದ ಪ್ರಕಾರ ಇಸ್ರಾಯೇಲರು ಈಜಿಪ್ಟಿನ ದಾಸ್ಯದಿಂದ ಹೊರಟಾಗ ಹಿಟ್ಟು ಹುಳಿಯುವವರೆಗೆ ಕಾಯಲು ಪುರುಸೊತ್ತಿರಲಿಲ್ಲ. ಧರ್ಮೋಪದೇಶಕಾಂಡ ಆ ರೊಟ್ಟಿಯನ್ನು ಸಂಕಟದ ರೊಟ್ಟಿ ಎಂದೇ ಕರೆಯುತ್ತದೆ. ಮುಂದಿನ ಪೀಳಿಗೆಗಳೂ ಪ್ರತಿವರ್ಷ ಪಸ್ಕದಲ್ಲಿ ಅದನ್ನೇ ತಿಂದು ದಾಸ್ಯವನ್ನು ನೆನೆಯಬೇಕು ಎಂಬುದು ವಿಧಿ. ಹೀಗಿರುವಾಗ ಆ ರೊಟ್ಟಿಗೆ ಬೆಣ್ಣೆ, ಸಕ್ಕರೆ, ಚಾಕೊಲೇಟು ಬಳಿಯುವುದು ವಿಧಿಯ ಪಾಲನೆಯೋ, ವಿಧಿಗೆ ಚಳ್ಳೆಹಣ್ಣು ತಿನ್ನಿಸುವ ಜಾಣತನವೋ? ಏಕಾದಶಿಯ ದಿನ ಅನ್ನ ಬಿಟ್ಟು ಉಪ್ಪಿಟ್ಟು, ಸಜ್ಜಿಗೆ, ಬಾಳೆಹಣ್ಣಿನ ರಸಾಯನಕ್ಕೆ ಕೈಹಾಕುವ ಮನೆಗಳನ್ನು ಬಲ್ಲ ಕನ್ನಡ ಓದುಗರಿಗೆ ಈ ಪ್ರಶ್ನೆಯ ಚಹರೆ ಪರಿಚಿತವೇ.

ಮೊದಲು ಮಾಡುವ ಕ್ರಮ. ಅಂಚಿರುವ ಅಗಲ ತಟ್ಟೆಗೆ ಬೇಕಿಂಗ್ ಕಾಗದ ಹಾಸಿ ನಾಲ್ಕರಿಂದ ಆರು ಮಾಟ್ಸಾಗಳನ್ನು ಒತ್ತೊತ್ತಾಗಿ ಜೋಡಿಸುತ್ತಾರೆ. ನಡುವೆ ಉಳಿದ ಸಂದಿಗಳಿಗೆ ಮುರಿದ ಚೂರು ತುಂಬಿದರಾಯಿತು. ಸುಮಾರು 225 ಗ್ರಾಂ ಬೆಣ್ಣೆಯನ್ನೂ ಹೆಚ್ಚುಕಡಿಮೆ ಅಷ್ಟೇ ತೂಕದ ಕಂದು ಸಕ್ಕರೆಯನ್ನೂ ದಪ್ಪ ತಳದ ಪಾತ್ರೆಯಲ್ಲಿ ಕರಗಿಸಿ, ಕುದಿ ಬಂದ ಮೇಲೆ ಮೂರು ನಿಮಿಷ ಬಿಡದೆ ತಿರುವಬೇಕು. ತಿರುವುವುದು ನಿಂತರೆ ಬೆಣ್ಣೆಯ ಜಿಡ್ಡು ಬೇರೆಯಾಗಿ ಮೇಲೆ ತೇಲುತ್ತದೆ, ಸಕ್ಕರೆ ತಳ ಹಿಡಿಯುತ್ತದೆ. ಪಾಕವನ್ನು ರೊಟ್ಟಿಗಳ ಮೇಲೆ ಹರಡಿ 175 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟರೆ ಉಳಿದ ನೀರಿನಂಶ ಆರಿ ಪಾಕ ಏರುತ್ತದೆ. ಟಾಫಿ ಹಲ್ಲಿಗೆ ಅಂಟದೆ ಕಟ್ಟೆಂದು ಮುರಿಯಬೇಕಾದರೆ ಪಾಕದ ಶಾಖ 146 ಡಿಗ್ರಿಯ ಆಸುಪಾಸು ಮುಟ್ಟಿರಬೇಕು. ಬೆಣ್ಣೆಯಲ್ಲಿರುವ ಹಾಲಿನ ಪ್ರೋಟೀನು ಸಕ್ಕರೆಯೊಂದಿಗೆ ಕಾದು ಕಂದುವುದರಿಂದ ಟಾಫಿಯ ಪರಿಮಳ ಬರುತ್ತದೆ. ಬಿಸಿಯಿರುವಾಗಲೇ ಮೇಲೆ ಚಾಕೊಲೇಟ್ ಚೂರು ಉದುರಿಸಿ, ಐದು ನಿಮಿಷ ಬಿಟ್ಟು ಸವರಿ, ಚಿಟಿಕೆ ಕಲ್ಲುಪ್ಪಿನ ಪುಡಿ ಚಿಮುಕಿಸಿ, ತಣ್ಣಗಾದ ಮೇಲೆ ಮುರಿಯುತ್ತಾರೆ.

ಇದರಲ್ಲಿ ಧರ್ಮಶಾಸ್ತ್ರದ ಕಣ್ಣಿಗೆ ಬೀಳುವ ಮೊದಲ ವಸ್ತು ಮಾಟ್ಸಾವೇ. ಗೋಧಿ, ಜವೆ, ಸ್ಪೆಲ್ಟ್, ರೈ, ಓಟ್ಸ್ ಎಂಬ ಐದು ಧಾನ್ಯಗಳ ಹಿಟ್ಟಿಗೆ ನೀರು ತಾಗಿ ಹುಳಿ ಬಂದರೆ ಅದು ಹಮೇಟ್ಸ್. ಪಸ್ಕದ ದಿನಗಳಲ್ಲಿ ಅದನ್ನು ತಿನ್ನುವುದಿರಲಿ, ಮನೆಯಲ್ಲಿ ಇಟ್ಟುಕೊಳ್ಳುವುದೂ ನಿಷಿದ್ಧ. ಹಬ್ಬ ಇಸ್ರೇಲಿನಲ್ಲಿ ಏಳು ದಿನ, ಹೊರಗಿನ ಸಂಪ್ರದಾಯಸ್ಥರಲ್ಲಿ ಎಂಟು ದಿನ. ಕೊಚ್ಚಿಯ ಯೆಹೂದ್ಯರಂತೂ ಈ ಶುದ್ಧಿಗೆ ತಿಂಗಳುಗಟ್ಟಲೆ ಮೊದಲೇ ತೊಡಗುತ್ತಿದ್ದುದಕ್ಕೆ ಹೆಸರಾದವರು. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಮಾಟ್ಸಾ ಬೆಂದಿರಬೇಕು. ಒಮ್ಮೆ ಬೆಂದ ಹಿಟ್ಟು ಮತ್ತೆ ಹುಳಿಯಲಾರದು ಎಂಬುದು ಶಾಸ್ತ್ರದ ಸಾಮಾನ್ಯ ನಿಲುವು. ಆದ್ದರಿಂದ ಪಾಕ ಸುರಿದ ಮಾತ್ರಕ್ಕೆ ಮಾಟ್ಸಾ ಕೆಡುವುದಿಲ್ಲ.

ಎಲ್ಲರೂ ಇಷ್ಟಕ್ಕೆ ಸುಮ್ಮನಾಗಲಿಲ್ಲ. ರೊಟ್ಟಿಯ ಮಡಿಕೆಯಲ್ಲಿ ಬೇಯದ ಹಿಟ್ಟು ಎಲ್ಲಾದರೂ ಉಳಿದಿದ್ದರೆ ಎಂಬ ಅಂಜಿಕೆಯಿಂದ ಹಸೀದಿ ಪಂಥದವರು ಮಾಟ್ಸಾಗೆ ನೀರು ತಾಗಿಸುವುದನ್ನೇ ಬಿಟ್ಟರು. 18ನೆಯ ಶತಮಾನದಲ್ಲಿ ಹರಡಿದ ಈ ಆಚಾರ ಪಾಲಿಸುವ ಮನೆಗಳಲ್ಲಿ ಮಾಟ್ಸಾವನ್ನು ಸಾರಿನಲ್ಲಿ ಅದ್ದುವಂತಿಲ್ಲ. ಇಸ್ರೇಲಿನ ಹೊರಗೆ ಎಂಟನೆಯ ದಿನ ಮಾತ್ರ ಈ ಬಿಗಿ ಸಡಿಲುತ್ತದೆ. ಇನ್ನು ಟಾಫಿಗೆ ಬೆಣ್ಣೆ ಬಿದ್ದರೆ ಅದು ಹಾಲಿನ ವರ್ಗಕ್ಕೆ ಸೇರುತ್ತದೆ. ಮಾಂಸದೂಟದ ಬೆನ್ನಿಗೆ ಹಾಲಿನ ಪದಾರ್ಥ ತಿನ್ನುವಂತಿಲ್ಲ. ಬಹಳ ಕಡೆ ಆರು ಗಂಟೆ, ಜರ್ಮನ್ ಮೂಲದವರಲ್ಲಿ ಮೂರು ಗಂಟೆ ಕಾಯುವ ರೂಢಿ. ಹಬ್ಬದೂಟದಲ್ಲಿ ಮಾಂಸ ಇದ್ದೇ ಇರುವುದರಿಂದ ಅನೇಕರು ಬೆಣ್ಣೆಯ ಬದಲು ಮಾರ್ಗರೀನ್ ಬಳಸುತ್ತಾರೆ. ರುಚಿಯಲ್ಲಿ ಅದು ಬೆಣ್ಣೆಯ ಹತ್ತಿರಕ್ಕೂ ಬರುವುದಿಲ್ಲ ಎನ್ನುವುದು ಬೇರೆ ಮಾತು.

ಮಧ್ಯ ಮತ್ತು ಪೂರ್ವ ಯೂರೋಪಿನ ಮೂಲದ ಅಶ್ಕೆನಾಝಿ ಯೆಹೂದ್ಯರಿಗೆ ಇನ್ನೊಂದು ತೊಡಕಿದೆ. ಅಕ್ಕಿ, ಜೋಳ, ಬೇಳೆಕಾಳು ಹಮೇಟ್ಸ್ ಅಲ್ಲದಿದ್ದರೂ ಗೋಧಿಯೊಂದಿಗೆ ಬೆರಕೆಯಾಗಿರಬಹುದೆಂಬ ಶಂಕೆಯಿಂದ ಮಧ್ಯಯುಗದಿಂದ ಅವರು ಅವನ್ನು ಪಸ್ಕದಲ್ಲಿ ದೂರ ಇಟ್ಟಿದ್ದಾರೆ. ಹಾಗಾಗಿ ಪಾಕಕ್ಕೆ ಮೆಕ್ಕೆಜೋಳದ ಸಿರಪ್ ಹಾಕುವಂತಿಲ್ಲ, ಸೋಯಾ ಲೆಸಿಥಿನ್ ಇರುವ ಚಾಕೊಲೇಟೂ ನಡೆಯುವುದಿಲ್ಲ. ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಸಮಿತಿ 2015ರ ಡಿಸೆಂಬರಿನಲ್ಲಿ ಈ ನಿಷೇಧ ಕಡ್ಡಾಯವಲ್ಲ ಎಂದಿತು. ಆರ್ಥೊಡಾಕ್ಸ್ ಅಶ್ಕೆನಾಝಿಗಳಲ್ಲಿ ಅದು ಇಂದಿಗೂ ನಿಂತಿದೆ.

ಇದಕ್ಕೆ ತದ್ವಿರುದ್ಧವಾಗಿ ಕಾಣುವುದು ಅಡಿಗೆ ಸೋಡಾದ ಸಂಗತಿ. ಪಾಕಕ್ಕೆ ಅರ್ಧ ಚಮಚ ಸೋಡಾ ಹಾಕಿದರೆ ಅದು ನೊರೆಯುಕ್ಕಿ ಟಾಫಿ ಹಗುರಾಗುತ್ತದೆ. ಉಬ್ಬಿಸುವ ವಸ್ತುವೇ ಆದರೂ ಸೋಡಾ ನಿಷಿದ್ಧವಲ್ಲ. ಶಾಸ್ತ್ರ ತಡೆಯುವುದು ಐದು ಧಾನ್ಯಗಳ ಹುಳಿತವನ್ನು, ಉಬ್ಬುವುದನ್ನಲ್ಲ. ಅಪಾಯವಿಲ್ಲದ ಹೆಸರುಕಾಳನ್ನು ಹೊರಗಿಟ್ಟು ಉಬ್ಬಿಸುವ ಪುಡಿಯನ್ನು ಒಳಗೆ ಬಿಟ್ಟುಕೊಳ್ಳುವ ಈ ಲೆಕ್ಕ ಹೊರಗಿನವರಿಗೆ ವಿಚಿತ್ರವೆನಿಸಬಹುದು. ಆದರೆ ನಿಯಮವನ್ನು ಅದರ ಅಕ್ಷರದಲ್ಲಿ ಹಿಡಿದವರು ಅದರ ಸಡಿಲನ್ನೂ ಅಕ್ಷರದಲ್ಲೇ ಹಿಡಿಯುವುದು ನ್ಯಾಯ. ಪಸ್ಕಕ್ಕೆಂದೇ ಬರುವ ಕೇಕು, ಬನ್ನು, ಬೆಳಗಿನ ಸೀರಿಯಲ್ ಎಲ್ಲವೂ ಈ ಕಿಂಡಿಯಿಂದಲೇ ಬಂದವು.

ಹೀಗೆ ಪದಾರ್ಥಗಳ ಪಟ್ಟಿ ಸರಿಯಿದ್ದರೆ ಟಾಫಿ ನಿಷಿದ್ಧವಲ್ಲ. ಅದು ಉಚಿತವೇ ಎಂಬುದು ಆಮೇಲಿನ ಮಾತು, ಮತ್ತು ಚರ್ಚೆ ರುಚಿಕಟ್ಟಾಗುವುದು ಅಲ್ಲಿಯೇ. ಸಿಹಿ ಮಾಟ್ಸಾದ ಪ್ರಶ್ನೆ ಮಾಂಟ್ರಿಯಲ್‌ನಲ್ಲಿ ಹುಟ್ಟಿದ್ದಲ್ಲ. ಯೆಹೂದ್ಯರ ಪ್ರಾಚೀನ ಧರ್ಮಚರ್ಚೆಗಳ ಸಂಗ್ರಹ ತಾಲ್ಮುದ್; ಅದರಲ್ಲಿ ಪಸ್ಕದ ವಿಧಿಗಳಿಗೇ ಮೀಸಲಾದ ಭಾಗದಲ್ಲಿ ದ್ರಾಕ್ಷಾರಸ, ಎಣ್ಣೆ, ಜೇನು ಹಾಕಿ ನಾದಿದ ಮಾಟ್ಸಾದ ವಿಚಾರಣೆ ನಡೆದಿದೆ. ಬಡವನಿಗೆ ಜೇನೆಲ್ಲಿಯದು ಎಂಬ ತರ್ಕದಿಂದ ಅಂಥ ರೊಟ್ಟಿ ಸಂಕಟದ ರೊಟ್ಟಿಯಾಗಲಾರದು, ಹಬ್ಬದ ರಾತ್ರಿ ಅದನ್ನು ತಿಂದು ವಿಧಿ ತೀರಿಸುವಂತಿಲ್ಲ ಎಂದು ತೀರ್ಮಾನವಾಯಿತು. ಇದಕ್ಕೆ ಶ್ರೀಮಂತ ಮಾಟ್ಸಾ ಎಂದೇ ಹೆಸರು. ಅಶ್ಕೆನಾಝಿಗಳಲ್ಲಿ ಮೊಟ್ಟೆ, ಹಣ್ಣಿನ ರಸ ಬೆರೆತ ಮಾಟ್ಸಾ ಇಂದಿಗೂ ಮುದುಕರಿಗೆ, ಕಾಯಿಲೆಯವರಿಗೆ ಮಾತ್ರ.

ಬೆಂದ ಮೇಲೆ ಸೇರುವ ರುಚಿಯ ಬಗೆಗೂ ಅದೇ ಗ್ರಂಥದಲ್ಲಿ ದಾರಿ ಸಿಗುತ್ತದೆ. ನೀರಿನಲ್ಲಿ ಮತ್ತೆ ಬೇಯಿಸಿದ ಮಾಟ್ಸಾದಿಂದ ವಿಧಿ ತೀರುವುದೇ ಎಂಬ ವಾದದಲ್ಲಿ ರಬ್ಬಿ ಯೋಸೆ ತೀರುವುದಿಲ್ಲ ಎನ್ನುತ್ತಾನೆ. ಅವನ ಕಾರಣ, ನಾಲಿಗೆಗೆ ಮಾಟ್ಸಾದ ರುಚಿ ಸಿಗಬೇಕು ಎಂಬುದು. ಇನ್ನೂ ಸ್ವಾರಸ್ಯದ್ದು ಊಟ ಮುಗಿಸುವ ನಿಯಮ. ಸೇದರ್ ಎಂದು ಕರೆಯುವ ಹಬ್ಬದೂಟದ ಕೊನೆಗೆ ತೆಗೆದಿಟ್ಟ ಮಾಟ್ಸಾದ ಒಂದು ತುಂಡನ್ನು ತಿನ್ನಬೇಕು. ಅದರ ಹೆಸರು ಅಫಿಕೋಮನ್. ಅದಾದ ಮೇಲೆ ಏನನ್ನೂ ತಿನ್ನುವಂತಿಲ್ಲ. ಆ ರಾತ್ರಿ ಬಾಯಲ್ಲಿ ಉಳಿಯಬೇಕಾದ ಕೊನೆಯ ರುಚಿ ಬರೀ ಹಿಟ್ಟು ಮತ್ತು ನೀರಿನದು. ಟಾಫಿ ಎಷ್ಟೇ ರುಚಿಯಾಗಿರಲಿ, ಆ ತುಂಡಿಗೆ ಮೊದಲೇ ಅದರ ಸರದಿ ಮುಗಿದಿರಬೇಕು.

ಗಮನಿಸಬೇಕಾದದ್ದೆಂದರೆ ಶಾಸ್ತ್ರ ಸಂಕಟವನ್ನು ಹಬ್ಬದ ಇಡೀ ಅವಧಿಗೆ ಹರಡಿಲ್ಲ. ಕೆಲವು ತುತ್ತುಗಳಿಗೆ ಸೀಮಿತಗೊಳಿಸಿ, ಆ ತುತ್ತುಗಳ ವಿಷಯದಲ್ಲಿ ಮಾತ್ರ ರಾಜಿಯಿಲ್ಲದೆ ನಿಂತಿದೆ. ಮಿಕ್ಕ ದಿನಗಳಲ್ಲಿ ಮಾಟ್ಸಾಗೆ ಏನು ಸವರಿಕೊಂಡರೂ ಅದು ಮೌನ ವಹಿಸುತ್ತದೆ. ಸೇದರ್ ತಟ್ಟೆಯಲ್ಲೇ ಸಿಹಿಗೆ ಜಾಗವಿದೆ. ದಾಸ್ಯದಲ್ಲಿ ಕಲಸಿದ ಇಟ್ಟಿಗೆಯ ಗಾರೆಯನ್ನು ನೆನಪಿಸುವ ಹರೋಸೆತ್ ಎಂಬ ಮುದ್ದೆ ಹಣ್ಣು, ಬೀಜ, ದ್ರಾಕ್ಷಾರಸ ಸೇರಿಸಿ ಮಾಡಿದ್ದು. ಕಹಿ ಸೊಪ್ಪನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ. ರಬ್ಬಿ ಅಕೀವ ಪಸ್ಕದ ಹಿಂದಿನ ದಿನ ಮಕ್ಕಳಿಗೆ ಹುರಿದ ಕಾಳು, ಅಕ್ರೋಟು ಹಂಚುತ್ತಿದ್ದನೆಂದು ತಾಲ್ಮುದ್ ಹೇಳುತ್ತದೆ. ಮಕ್ಕಳು ನಿದ್ದೆಹೋಗದೆ ಎದ್ದಿದ್ದು, ಈ ರಾತ್ರಿ ಏಕೆ ಬೇರೆ ಎಂದು ಕೇಳಬೇಕು ಎಂಬುದು ಅದರ ಉದ್ದೇಶ. ಕಥೆ ಮಕ್ಕಳಿಗೆ ದಾಟದಿದ್ದರೆ ಸಂಕಟದ ರೊಟ್ಟಿಯಿಂದ ಏನೂ ಆಗುವುದಿಲ್ಲ ಎಂದು ಆ ಹಿರಿಯರಿಗೆ ಗೊತ್ತಿತ್ತು.

ಎದುರು ಪಕ್ಷದ ವಾದವನ್ನು ತಳ್ಳಿಹಾಕುವಂತಿಲ್ಲ. 13ನೆಯ ಶತಮಾನದ ಸ್ಪೇನಿನ ವಿದ್ವಾಂಸ ನಹ್ಮಾನಿಡೀಸ್ ಪವಿತ್ರರಾಗಿರಿ ಎಂಬ ಯಾಜಕಕಾಂಡದ ಆಜ್ಞೆಗೆ ವ್ಯಾಖ್ಯಾನ ಬರೆಯುತ್ತ ಒಂದು ಬಗೆಯ ಮನುಷ್ಯನನ್ನು ಚಿತ್ರಿಸುತ್ತಾನೆ. ಈತ ನಿಷಿದ್ಧವಾದ ಒಂದನ್ನೂ ಮುಟ್ಟುವುದಿಲ್ಲ, ಆದರೆ ಅನುಮತಿಯಿರುವ ಮಾಂಸ ಮದ್ಯಗಳಲ್ಲಿ ಮುಳುಗಿರುತ್ತಾನೆ. ನಹ್ಮಾನಿಡೀಸ್‌ನ ಕಣ್ಣಿನಲ್ಲಿ ಅವನು ಧರ್ಮಗ್ರಂಥದ ಅಪ್ಪಣೆ ಪಡೆದೇ ನೀಚನಾದವನು. ಪವಿತ್ರರಾಗಿರಿ ಎಂಬ ಆಜ್ಞೆ ಬಂದದ್ದೇ ಪಟ್ಟಿಮಾಡಿದ ನಿಷೇಧಗಳು ಮುಟ್ಟದ ಈ ಜಾಗಕ್ಕಾಗಿ. ಎಂಟು ದಿನವೂ ಒಂದರ ಮೇಲೊಂದು ತಟ್ಟೆ ಟಾಫಿ ಖಾಲಿ ಮಾಡುವ ಮನೆಗೆ ಈ ಮಾತು ನೇರವಾಗಿ ತಾಗುತ್ತದೆ.

ಆದರೂ ಇದಕ್ಕಿಂತ ಹರಿತವಾದ ಅಳತೆಗೋಲು ಮೈಮೊನಿಡೀಸ್‌ನದು. 12ನೆಯ ಶತಮಾನದಲ್ಲಿ ಅವನು ತನ್ನ ಧರ್ಮಸಂಹಿತೆಯನ್ನು ಬರೆದದ್ದು ಈಜಿಪ್ಟಿನಲ್ಲೇ; ಬಿಡುಗಡೆಯ ಹಬ್ಬದ ನಿಯಮಗಳನ್ನು ಕ್ರೋಡೀಕರಿಸಿದವನು ಹೊರಟುಬಂದ ನೆಲದಲ್ಲೇ ನೆಲೆಸಿದ್ದ. ಹಬ್ಬದಲ್ಲಿ ಸಂತೋಷಪಡುವುದು ಐಚ್ಛಿಕವಲ್ಲ, ಕರ್ತವ್ಯ ಎನ್ನುತ್ತಾನೆ ಅವನು. ಮಕ್ಕಳಿಗೆ ಹುರಿಗಾಳು, ಬೀಜ, ಸಿಹಿತಿಂಡಿ ಕೊಡಬೇಕು, ಹೆಂಗಸರಿಗೆ ಬಟ್ಟೆ ಒಡವೆ ತರಬೇಕು. ಹಾಗೆ ತಾನು ಉಣ್ಣುವಾಗ ಪರದೇಶಿ, ತಬ್ಬಲಿ, ವಿಧವೆಯರಿಗೂ ಉಣಿಸಬೇಕು. ಅಂಗಳದ ಬಾಗಿಲು ಜಡಿದುಕೊಂಡು ಹೆಂಡತಿ ಮಕ್ಕಳೊಂದಿಗೆ ತಿಂದು ಕುಡಿದು ಬಡವರನ್ನು ಮರೆತವನದು ಹಬ್ಬದ ಸಂತೋಷವಲ್ಲ, ಹೊಟ್ಟೆಯ ಸಂತೋಷ. ನಹ್ಮಾನಿಡೀಸ್ ಕೇಳುವುದು ಎಷ್ಟು ತಿಂದೆ ಎಂದು. ಮೈಮೊನಿಡೀಸ್ ಕೇಳುವುದು ಯಾರೊಂದಿಗೆ ತಿಂದೆ ಎಂದು. ಬಡವರ ರೊಟ್ಟಿಯ ವಿಷಯದಲ್ಲಿ ಎರಡನೆಯದೇ ತಕ್ಕ ಪ್ರಶ್ನೆ.

19ನೆಯ ಶತಮಾನದ ಒಂದು ಜಗಳ ಇದನ್ನು ಸ್ಪಷ್ಟಪಡಿಸುತ್ತದೆ. ಮಾಟ್ಸಾ ಲಟ್ಟಿಸುವ ಯಂತ್ರ 1838ರಲ್ಲಿ ಫ್ರಾನ್ಸಿನ ಅಲ್ಸಾಸ್‌ನಲ್ಲಿ ಬಂತು. 1859ರಲ್ಲಿ ಬ್ರೋಡಿಯ ರಬ್ಬಿ ಸಾಲೊಮನ್ ಕ್ಲೂಗರ್ ಅದರ ವಿರುದ್ಧ ನಿಂತ. ಲೆಂಬರ್ಗಿನ ರಬ್ಬಿ ಜೋಸೆಫ್ ಸೌಲ್ ನಾಥಾನ್ಸನ್ ಯಂತ್ರದ ಪರವಾಗಿ ಉತ್ತರ ಬರೆದ. ಯಂತ್ರದ ಹಲ್ಲುಗಳಲ್ಲಿ ಹಿಟ್ಟು ಸಿಕ್ಕಿ ಹುಳಿಯಬಹುದೆಂಬುದು ವಿರೋಧಿಗಳ ಒಂದು ಆಕ್ಷೇಪ. ಮತ್ತೊಂದು ಹೊಟ್ಟೆಪಾಡಿನದು: ಹಬ್ಬದ ಖರ್ಚಿಗಾಗಿ ಮಾಟ್ಸಾ ಲಟ್ಟಿಸುವ ಕೂಲಿಯನ್ನೇ ನಂಬಿದ್ದ ಬಡ ಹೆಂಗಸರು ಏನು ಮಾಡಬೇಕು? ವಾದದಲ್ಲಿ ಕೊನೆಗೆ ಯಂತ್ರವೇ ಗೆದ್ದಿತು. ಇಂದು ಪೆಟ್ಟಿಗೆಗಳಲ್ಲಿ ಬರುವ, ಟಾಫಿಯ ತಟ್ಟೆಗೆ ಸರಿಯಾಗಿ ಕೂರುವ ಚೌಕ ಮಾಟ್ಸಾ ಯಂತ್ರದ್ದು.

ಒಟ್ಟಿನಲ್ಲಿ ಮಾಟ್ಸಾ ಟಾಫಿ ಧರ್ಮವಿರುದ್ಧವಲ್ಲ. ಅದು ಬಡರೊಟ್ಟಿಯ ಸ್ಥಾನವನ್ನು ಆಕ್ರಮಿಸಲೂ ಆಗದು, ಏಕೆಂದರೆ ಆ ಸ್ಥಾನವನ್ನು ಶಾಸ್ತ್ರ ಮೊದಲೇ ಬೇಲಿ ಹಾಕಿ ಕಾದಿದೆ. ಸಕ್ಕರೆಯ ವಿಷಯಕ್ಕೆ ತಲೆಕೆಡಿಸಿಕೊಳ್ಳುವವರು ಶಾಸ್ತ್ರದ ಬೇರೊಂದು ಪುಟವನ್ನು ನೋಡುವುದು ಒಳಿತು. ಯೆಹೂದ್ಯರ ಮುಖ್ಯ ಧರ್ಮಸಂಹಿತೆಯಾದ ಶುಲ್ಹಾನ್ ಆರುಖ್‌ನಲ್ಲಿ ಪಸ್ಕದ ಅಧ್ಯಾಯಗಳು ತೆರೆಯುವ ಕಡೆಯೇ ಕ್ರಾಕೋವ್‌ನ ರಬ್ಬಿ ಮೋಶೆ ಇಸ್ಸೆರ್ಲಿಸ್ 16ನೆಯ ಶತಮಾನದಲ್ಲಿ ಒಂದು ಟಿಪ್ಪಣಿ ಸೇರಿಸಿದ. ಹಬ್ಬಕ್ಕೆ ಮುಂಚೆ ಗೋಧಿ ಕೊಂಡು ಬಡವರಿಗೆ ಹಂಚುವುದು ರೂಢಿ, ಊರಿನಲ್ಲಿ ಹನ್ನೆರಡು ತಿಂಗಳು ನೆಲೆಸಿದವರೆಲ್ಲರೂ ಅದಕ್ಕೆ ತಮ್ಮ ಪಾಲು ಕೊಡಬೇಕು ಎಂದು ಅದರಲ್ಲಿದೆ.